ವ್ಯಾನಿನ ಬ್ರೇಕ್ ಅದುರು: ಡಿಸ್ಕ್ ಬಿಟ್ಟು ಹಬ್ ಅಳೆದಾಗ ಬಗೆಹರಿದದ್ದು

ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕ್, ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡ್, ಎರಡನ್ನೂ ಹೊಸದಾಗಿ ಹಾಕಿದ ಮೇಲೆ ಐದಾರು ಸಾವಿರ ಕಿ.ಮೀ. ಯಾವ ತಕರಾರೂ ಇರಲ್ಲ. ಆಮೇಲೆ 80-90ರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಸಣ್ಣಗೆ ನಡುಗೋಕೆ ಶುರುವಾಗುತ್ತೆ. ಇನ್ನೆರಡು ಸಾವಿರ ಓಡುವಷ್ಟರಲ್ಲಿ ಪೆಡಲ್ ಕಾಲಿಗೆ ಒದೆಯುತ್ತೆ. ಏಳು ಸೀಟಿನ ವ್ಯಾನ್ ಇಟ್ಟುಕೊಂಡವರಿಗೆಲ್ಲ ಗೊತ್ತಿರೋ ಕಾಟ ಇದು. ಅದಕ್ಕೆ ಸಿಗುವ ಉತ್ತರವೂ ಎಲ್ಲರಿಗೂ ಗೊತ್ತು: "ಡಿಸ್ಕ್ ಬೆಂಡ್ ಆಗಿದೆ, ಗಾಡಿ ಭಾರ ಜಾಸ್ತಿ, ಬದಲಾಯಿಸ್ತಾ ಇರಬೇಕು ಅಷ್ಟೆ." ನನ್ನ ವ್ಯಾನಿನಲ್ಲಿ ಈಗಿರುವ ಮುಂದಿನ ಡಿಸ್ಕ್‌ಗಳು ಸುಮಾರು ನಲವತ್ತು ಸಾವಿರ ಕಿ.ಮೀ. ದಾಟಿವೆ, ಅದುರು ಇಲ್ಲ. ಅವೇನೂ ದುಬಾರಿ ಮಾಲಲ್ಲ, ಮಧ್ಯಮ ದರ್ಜೆಯವು. ಬ್ರೇಕ್ ಕೆಲಸಕ್ಕೆ ಡಯಲ್ ಗೇಜ್ (ಕೂದಲೆಳೆಯಷ್ಟು ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಯಾಕೆ ಅಂತ ನಕ್ಕವರು ಈಗ ಗೇಜ್ ಕಡ ಕೇಳ್ತಾರೆ.

ಭಾರದ ಮಾತು ಪೂರ್ತಿ ಸುಳ್ಳಲ್ಲ, ಆದರೆ ಲೆಕ್ಕ ಹಾಕಿದರೆ ನಿಲ್ಲಲ್ಲ. ಜನ, ಸಾಮಾನು ಸೇರಿ ಎರಡೂವರೆ ಟನ್ ತೂಗುವ ಗಾಡಿಯನ್ನು 100ರಿಂದ ಪೂರ್ತಿ ನಿಲ್ಲಿಸಿದರೆ ಹತ್ತಿರ ಹತ್ತಿರ 960 ಕಿಲೋಜೂಲ್ ಶಾಖ. ಅದರಲ್ಲಿ ಮುಂದಿನ ಬ್ರೇಕ್ ಪಾಲು 70 ಶೇಕಡ ಅಂತ ಇಟ್ಟುಕೊಳ್ಳಿ. ಎರಡು ಡಿಸ್ಕ್ ಸೇರಿ 20 ಕಿಲೋ ಎರಕದ ಕಬ್ಬಿಣ. ಒಂದು ಸಲ ನಿಲ್ಲಿಸಿದ್ದಕ್ಕೆ ಡಿಸ್ಕ್ ಬಿಸಿ ಏರೋದು 70 ಡಿಗ್ರಿ ಆಸುಪಾಸು. ಇಷ್ಟಕ್ಕೆಲ್ಲ ಎರಕದ ಡಿಸ್ಕ್ ಸೊಟ್ಟಗಾಗಲ್ಲ. ನಿಜವಾಗಿ ಆಗೋದು ಬೇರೆ. ಡಿಸ್ಕನ್ನೂ ಚಕ್ರವನ್ನೂ ಹೊತ್ತು ತಿರುಗೋದು ಹಬ್; ಡಿಸ್ಕ್ ಅದರ ಮೇಲೆ ನೆಟ್ಟಗೆ ಕೂತಿರಲ್ಲ, ತಿರುಗುವಾಗ ಓಲಾಡುತ್ತೆ. ಬ್ರೇಕ್ ಒತ್ತದೇ ಇದ್ದಾಗಲೂ ಅದರ ಉಬ್ಬಿದ ಜಾಗ ಪ್ರತಿ ಸುತ್ತಿಗೂ ಪ್ಯಾಡ್‌ಗೆ ಸವರುತ್ತೆ, ಆ ಒಂದು ಜಾಗ ಮಾತ್ರ ಸವೆಯುತ್ತಾ ಹೋಗುತ್ತೆ. ಕಾಲಿಗೆ ಒದೆಯೋದು ಈ ದಪ್ಪದ ವ್ಯತ್ಯಾಸ. ಐದಾರು ಸಾವಿರ ಕಿ.ಮೀ. ತನಕ ಏನೂ ಗೊತ್ತಾಗದೇ ಇರೋದಕ್ಕೂ, ಹೊಸ ಡಿಸ್ಕ್ ಹಾಕಿದ ದಿನ ಎಲ್ಲ ಸರಿಯಾಯ್ತು ಅನಿಸೋದಕ್ಕೂ ಕಾರಣ ಇದೇ.

ಇದು ಗೊತ್ತಾಗೋ ಮುಂಚೆ ಸುರಿದ ದುಡ್ಡಿನ ವಿಷಯಕ್ಕೆ ಬರ್ತೀನಿ. ಲೇತ್‌ನಲ್ಲಿ ಡಿಸ್ಕ್ ಸವರಿಸೋದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ದಂಡ. ಲೇತ್ ಡಿಸ್ಕನ್ನು ತನ್ನ ಅಕ್ಷಕ್ಕೆ ನೆಟ್ಟಗೆ ಮಾಡುತ್ತೆ, ನಿಮ್ಮ ಹಬ್‌ಗಲ್ಲ. ತುಕ್ಕು ಹಿಡಿದ ಹಬ್ ಮೇಲೆ ವಾಪಸ್ ಕೂರಿಸಿದರೆ ಓಲಾಟ ಮೊದಲಿನಷ್ಟೇ ಇರುತ್ತೆ, ಡಿಸ್ಕ್ ಮಾತ್ರ ತೆಳುವಾಗಿರುತ್ತೆ. ತೆಳು ಡಿಸ್ಕ್ ಇನ್ನೂ ಬೇಗ ಕಾಯುತ್ತೆ. ಗೀರು ಕೊರೆದ ಡಿಸ್ಕ್ ಹಾಕಿ ನೋಡಿದೆ: ಬೆಲೆ ಮಾಮೂಲಿಯ ಎರಡರಷ್ಟು, ಬ್ರೇಕ್ ಒತ್ತಿದಾಗ ಗುಂಯ್ ಅನ್ನೋ ಸದ್ದು ಉಚಿತ, ಅದುರು ಅದೇ ಕಿಲೋಮೀಟರಿಗೆ ಹಾಜರ್. ಸೆರಾಮಿಕ್ ಪ್ಯಾಡ್‌ನಿಂದ ವೀಲ್ ಮೇಲಿನ ಕರಿ ಧೂಳು ಕಡಿಮೆಯಾಯ್ತು, ಅದುರು ಒಂದೆರಡು ಸಾವಿರ ಕಿ.ಮೀ. ಮುಂದಕ್ಕೆ ಹೋಯ್ತು, ಅಷ್ಟೇ ಲಾಭ. ಡಯಲ್ ಗೇಜ್, ಅದರ ಮ್ಯಾಗ್ನೆಟ್ ಸ್ಟ್ಯಾಂಡ್, ನಿಗದಿ ಮಾಡಿದ ಬಿಗಿ ಬಂದಾಗ ಕ್ಲಿಕ್ ಅನ್ನುವ ಒಳ್ಳೇ ಟಾರ್ಕ್ ರೆಂಚ್ ಮೂರೂ ಸೇರಿ ನನಗೆ ತಗುಲಿದ್ದು ಒಂದು ಜೊತೆ ಡಿಸ್ಕ್, ಪ್ಯಾಡ್, ಕೂಲಿ ಸೇರಿದ ಖರ್ಚಿನ ಅರ್ಧದಷ್ಟು.

ಇನ್ನು ಕೆಲಸ. ಪ್ಯಾಡ್ ಒತ್ತುವ ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ತೂಗುಹಾಕಿ, ಬ್ರೇಕ್ ಆಯಿಲ್ ಬರುವ ರಬ್ಬರ್ ಹೋಸ್ ಮೇಲೆ ಭಾರ ಬೀಳೋ ಹಾಗೆ ಬಿಡಬೇಡಿ. ಡಿಸ್ಕ್ ಹಿಡಿದಿರುವ ಸಣ್ಣ ಸ್ಕ್ರೂ ಇದ್ದರೆ ಮಾಮೂಲಿ ಸ್ಕ್ರೂಡ್ರೈವರ್‌ನಿಂದ ತಲೆ ಕೆಡಿಸದೆ, ಸುತ್ತಿಗೆ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಬಳಸಿ. ಡಿಸ್ಕ್ ತೆಗೆದ ಮೇಲೆ ಹಬ್ ಮುಖ ನೋಡಿ. ನಡುವೆ ಎಲ್ಲ ಚೊಕ್ಕಟ ಕಾಣುತ್ತೆ. ಪ್ರತಿ ಸ್ಟಡ್ (ವೀಲ್ ನಟ್ ಹಾಕುವ ಬೋಲ್ಟ್) ಬುಡದಲ್ಲಿ ಮಾತ್ರ ಉಂಗುರದ ಹಾಗೆ ತುಕ್ಕಿನ ಹಕ್ಕಳೆ ಕೂತಿರುತ್ತೆ. ಗ್ರೈಂಡರ್‌ಗೆ ಹಾಕುವ ಪ್ಯಾಡ್ ಅಲ್ಲಿಗೆ ಮುಟ್ಟಲ್ಲ, ಹಾಗಾಗಿ ಎಲ್ಲರೂ ಬಿಡೋ ಜಾಗ ಇದೇ. ನಟ್ ಬಿಗಿ ಬೀಳೋದೂ ಸರಿಯಾಗಿ ಅಲ್ಲೇ. ಸ್ಟಡ್ ಮೇಲೆ ತೊಡಿಸಿ ಡ್ರಿಲ್‌ನಿಂದ ತಿರುಗಿಸುವ ಕೊಳವೆಯಂಥ ಸಾಧನ ಬರುತ್ತೆ, ಅದರ ತುದಿಗೆ ಉಂಗುರದಾಕಾರದ ಒರಟು ಪ್ಯಾಡ್ ಇರುತ್ತೆ. ಅದು ಇಲ್ಲದಿದ್ದರೆ ಚೂಪು ಸ್ಕ್ರೇಪರ್ ಹಿಡಿದು ತಾಳ್ಮೆಯಿಂದ ಕೆರೀಬೇಕು. ಲೋಹ ಕಂಡರೆ ಸಾಕು, ಲೋಹ ತಿನ್ನೋ ತನಕ ಹೋಗಬಾರದು. ಡಿಸ್ಕಿನ ಟೋಪಿಯ (ನಡುವಿನ ಉಬ್ಬಿದ ಭಾಗದ) ಒಳಮುಖ, ಅಲಾಯ್ ವೀಲ್ ಆದರೆ ಅದರ ಬೆನ್ನು, ಇವಕ್ಕೂ ಇದೇ ಉಪಚಾರ.

ತುಕ್ಕು 0.025 ಮಿ.ಮೀ. ಅಂದರೆ ಕಣ್ಣಿಗೆ ಏನೂ ಅಲ್ಲ. ಆದರೆ ನಡುವಿನಿಂದ ಡಿಸ್ಕಿನ ಅಂಚು ಹಬ್ ಅಂಚಿಗಿಂತ ಎರಡರಷ್ಟು ದೂರ ಇದ್ದರೆ ಅಲ್ಲಿ ಓಲಾಟ ಎರಡರಷ್ಟು, ಅಂದರೆ 0.05. ಹೆಚ್ಚಿನ ಗಾಡಿಗಳಿಗೆ ಒಪ್ಪಬಹುದಾದ ಮಿತಿಯೇ ಅಷ್ಟು. ತಲೆಕೂದಲಿನ ದಪ್ಪ ಅದಕ್ಕಿಂತ ಜಾಸ್ತಿ.

ಹಬ್ ಚೊಕ್ಕಟವಾದ ಮೇಲೆ ಮೊದಲು ಬರೀ ಹಬ್ ಅಳೀತೀನಿ. ಗೇಜಿನ ಮೊನೆ ಸ್ಟಡ್‌ಗಳ ಆಚೆಗಿನ ಅಂಚಿನಲ್ಲಿ. 0.02-0.03 ಒಳಗಿದ್ದರೆ ಮುಂದುವರಿಸಬಹುದು. ಹಬ್ ಹಿಡಿದು ಹಿಂದೆ ಮುಂದೆ ಎಳೆದಾಗ ಮುಳ್ಳು ಅಲುಗಿದರೆ ಬೇರಿಂಗ್ ಹೋಗಿದೆ, ಅದು ಬದಲಾಗೋ ತನಕ ಡಿಸ್ಕ್ ಮುಟ್ಟಿ ಪ್ರಯೋಜನ ಇಲ್ಲ. ಆಮೇಲೆ ಡಿಸ್ಕ್ ಹಾಕಿ, ವಾಷರ್ ಇಟ್ಟು ಎಲ್ಲ ನಟ್‌ಗಳನ್ನೂ ನಕ್ಷತ್ರದ ಕ್ರಮದಲ್ಲಿ (ಪಕ್ಕದ್ದಲ್ಲ, ಎದುರಿನದು) ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿ. ಎರಡೇ ನಟ್ ಹಾಕಿ ಅಳೆದ ಲೆಕ್ಕಕ್ಕೆ ಬೆಲೆ ಇಲ್ಲ. ಮೊನೆ ಹೊರ ಅಂಚಿನಿಂದ 10 ಮಿ.ಮೀ. ಒಳಗೆ. ನಿಧಾನವಾಗಿ ಒಂದು ಸುತ್ತು ತಿರುಗಿಸಿ, ತೀರಾ ಕೆಳಗಿಳಿದ ಜಾಗದಲ್ಲಿ ಸೊನ್ನೆ ಮಾಡಿ, ಮತ್ತೆ ಸುತ್ತಿ, ಎತ್ತರದ ಜಾಗಕ್ಕೆ ಚಾಕ್ ಗುರುತು.

ನೆನಪಿನ ಮೇಲೆ ಹೇಳೋದಾದರೆ ಎಡಗಡೆ ಕೆರೆಯೋ ಮುಂಚೆ 0.11 ಅಥವಾ 0.12 ಇತ್ತು. ಕೆರೆದ ಮೇಲೆ 0.06. ಉಳಿದದ್ದನ್ನು ಇಳಿಸಿದ್ದು ಡಿಸ್ಕನ್ನು ಒಂದೊಂದೇ ಸ್ಟಡ್ ಸರಿಸಿ ಕೂರಿಸಿ ಅಳೆದು. ಐದು ಸ್ಟಡ್ ಅಂದರೆ ಐದು ಜಾಗ. ಹಬ್‌ನ ಓಲಾಟ ಮತ್ತು ಡಿಸ್ಕಿನ ಓಲಾಟ ಒಂದು ಜಾಗದಲ್ಲಿ ಕೂಡಿಕೊಳ್ಳುತ್ತೆ, ಇನ್ನೊಂದು ಜಾಗದಲ್ಲಿ ಒಂದನ್ನೊಂದು ಹೊಡೆದುಹಾಕುತ್ತೆ. ಮೂರನೇ ಜಾಗದಲ್ಲಿ 0.03ಕ್ಕಿಂತ ಕೆಳಗೆ ಬಂತು. ಆ ಸ್ಟಡ್‌ಗೂ ಡಿಸ್ಕ್‌ಗೂ ಪೇಂಟ್ ಚುಕ್ಕೆ ಇಡಿ, ಮುಂದೆ ಯಾರೇ ಬಿಚ್ಚಿದರೂ ಅಲ್ಲೇ ಕೂರಬೇಕು. ಸ್ಕ್ರೂ ಇರುವ ಡಿಸ್ಕ್‌ಗೆ ಈ ಸೌಕರ್ಯ ಇಲ್ಲ, ಅದರ ರಂಧ್ರ ಒಂದೇ ಜಾಗಕ್ಕೆ ಕಟ್ಟಿಹಾಕುತ್ತೆ. ಅಂಥ ಕಡೆ ಏನು ಮಾಡ್ತೀನಿ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎಚ್ಚರ: ಇದೆಲ್ಲ ಹೊಸ ಡಿಸ್ಕ್‌ಗೆ, ಅಥವಾ ದಪ್ಪ ಇನ್ನೂ ಕೆಡದ ಡಿಸ್ಕ್‌ಗೆ. ಮೈಕ್ರೋಮೀಟರ್ ಹಿಡಿದು ಸುತ್ತಲೂ ಎಂಟು ಕಡೆ ಅಳೆಯಿರಿ. ವ್ಯತ್ಯಾಸ 0.015 ಮಿ.ಮೀ. ದಾಟಿದರೆ ಕಾಲಿಗೆ ಗೊತ್ತಾಗುತ್ತೆ, ಆಗ ಜಾಗ ಸರಿಸಿ ಫಲ ಇಲ್ಲ. ಗಾಡಿಯ ಮೇಲೆಯೇ ಕೂರಿಸಿ ಸವರುವ ಲೇತ್ ಸಿಕ್ಕರೆ ಸರಿ, ಇಲ್ಲದಿದ್ದರೆ ಹೊಸದೇ ಗತಿ. ಕನಿಷ್ಠ ದಪ್ಪ ಡಿಸ್ಕಿನ ಮೇಲೆಯೇ ಕೆತ್ತಿರುತ್ತೆ.

ಹಬ್ ಮತ್ತು ಡಿಸ್ಕ್ ನಡುವೆ ಇಡುವ ಓರೆ ತಗಡನ್ನೂ ಪ್ರಯೋಗ ಮಾಡಿದೆ. ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು, ಬೇರೆ ಬೇರೆ ಅಳತೆಯಲ್ಲಿ ಬರುತ್ತೆ. ಅಂಕಿ ಇಳಿಸುತ್ತೆ ನಿಜ. ಆದರೆ ತುಕ್ಕು ಹಿಡಿಯೋಕೆ ಇನ್ನೊಂದು ಸಂದು ಮಾಡಿಕೊಟ್ಟ ಹಾಗೆ, ಮತ್ತು ಅಲ್ಲಿ ಹೀಗೊಂದು ತಗಡಿದೆ ಅಂತ ಮುಂದಿನ ಸಲ ಬಿಚ್ಚೋನಿಗೆ ಗೊತ್ತಿರಲ್ಲ. ಜಾಗ ಸರಿಸಿದರೂ ಬಗ್ಗದ ಹಬ್‌ಗೆ ಮಾತ್ರ ಇಟ್ಟುಕೊಳ್ಳಿ.

ಪ್ಯಾಡ್ ಮತ್ತು ಕ್ಯಾಲಿಪರ್ ಜಾರಾಡುವ ಗೈಡ್ ಪಿನ್ ಕಡೆ ಗಮನ ಕೊಡದೇ ಇದ್ದರೆ ಮೇಲಿನದ್ದೆಲ್ಲ ನೀರಿನಲ್ಲಿ ಹೋಮ. ಹಳೇ ಪ್ಯಾಡ್ ಬಿಸಾಡೋ ಮುಂಚೆ ಓದಿ. ಒಂದೇ ಪ್ಯಾಡ್ ಓರೆಯಾಗಿ ಸವೆದಿದ್ದರೆ ಒಂದು ಪಿನ್ ಜಾರದೆ ಹಿಡಿದಿದೆ. ಒಳಗಿನ ಪ್ಯಾಡ್ ಪೂರ್ತಿ ತೆಳುವಾಗಿ ಹೊರಗಿನದು ಹಾಗೇ ಇದ್ದರೆ ಹಿಡಿದಿರೋದು ಪಿನ್ ಅಥವಾ ಪ್ಯಾಡ್ ತಳ್ಳುವ ಪಿಸ್ಟನ್. ಹೊರಗಿನದೇ ತೆಳುವಾಗಿದ್ದರೆ ಅದರ ಕಿವಿ (ಪಕ್ಕದ ಚಾಚು) ಪ್ಯಾಡ್ ಕೂರುವ ಬ್ರ್ಯಾಕೆಟ್‌ನಲ್ಲಿ ಸಿಕ್ಕಿಕೊಂಡಿರೋ ಸಾಧ್ಯತೆ ಜಾಸ್ತಿ. ಸ್ಟೀಲ್ ಕ್ಲಿಪ್ಪಿನ ಅಡಿಯಲ್ಲಿ ಬ್ರ್ಯಾಕೆಟ್ ತುಕ್ಕು ಹಿಡಿದು ಉಬ್ಬುತ್ತೆ, ಕ್ಲಿಪ್ ಮೇಲೇಳುತ್ತೆ, ಪ್ಯಾಡ್‌ಗೆ ಜಾಗ ಸಾಲದಾಗುತ್ತೆ. ಬರೀ ಹೊಸ ಕ್ಲಿಪ್ ಹಾಕಿದರೆ ಇನ್ನೂ ಬಿಗಿ. ಕ್ಲಿಪ್ ತೆಗೆದು ಅಡಿಯನ್ನು ಅರದಿಂದ ಉಜ್ಜಿ ಲೋಹ ಕಾಣಿಸಬೇಕು. ಪ್ಯಾಡ್ ಕೈಯಲ್ಲಿ ಹಿಂದೆ ಮುಂದೆ ಜಾರಬೇಕು. ಸುತ್ತಿಗೆಯಿಂದ ಬಡಿದು ಕೂರಿಸಿದ ಪ್ಯಾಡ್ ಹಿಂದಕ್ಕೆ ಬರಲ್ಲ.

ಪಿನ್‌ಗೆ ಸಿಲಿಕೋನ್ ಗ್ರೀಸ್ ಮಾತ್ರ. ಬೇರಿಂಗ್ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಪಿನ್ ಹಿಡಿಯುತ್ತೆ, ಎಷ್ಟೋ ಕ್ಯಾಲಿಪರ್‌ಗಳು ಗುಜರಿಗೆ ಹೋಗೋದು ಇದೇ ಕಾರಣಕ್ಕೆ. ಗ್ರೀಸ್ ತೆಳ್ಳಗೆ ಸವರಿ. ತುಂಬಿಟ್ಟರೆ ಒಳಗೆ ಗಾಳಿ ಸಿಕ್ಕಿ ಪಿನ್ನನ್ನು ಹೊರಗೆ ನೂಕುತ್ತೆ; ಪಿನ್ ಒತ್ತಿ ಬಿಟ್ಟಾಗ ತಾನಾಗೇ ಈಚೆ ಬಂದರೆ ಗ್ರೀಸ್ ಜಾಸ್ತಿಯಾಗಿದೆ. ಎರಡು ಪಿನ್‌ಗಳಲ್ಲಿ ಒಂದಕ್ಕೆ ತುದಿಯಲ್ಲಿ ರಬ್ಬರ್ ತೋಳು ಇದ್ದರೆ ಅದು ಮೇಲೆ ಇತ್ತೋ ಕೆಳಗೆ ಇತ್ತೋ ಬಿಚ್ಚುವಾಗಲೇ ಗುರುತು ಮಾಡಿ.

ಒಂದೇ ವೀಲ್ ಬಿಸಿಯಾಗ್ತಿದ್ದರೆ ಕ್ಯಾಲಿಪರ್ ಕೊಳ್ಳೋ ಮುಂಚೆ ಒಂದು ಪರೀಕ್ಷೆ. ಕ್ಯಾಲಿಪರ್ ಬೆಲೆ ಕಡಿಮೆಯದಲ್ಲ, ಹಾಗಾಗಿ ಈ ಹತ್ತು ನಿಮಿಷ ದಂಡ ಅಲ್ಲ. ಗಾಡಿ ಓಡಿಸಿ ಬಂದು, ವೀಲ್ ಎತ್ತಿ, ಅದು ಹಿಡಿದಿರುವಾಗಲೇ ಹೋಸ್ ಮತ್ತು ಕಬ್ಬಿಣದ ಪೈಪ್ ಸೇರುವ ಜಾಯಿಂಟ್ ಸಡಿಲಿಸಿ. ವೀಲ್ ಬಿಟ್ಟು ಸಲೀಸಾಗಿ ತಿರುಗಿದರೆ ತಕರಾರು ಮೇಲೆ, ಪೆಡಲ್ ಒತ್ತಡವನ್ನು ಆಯಿಲ್‌ಗೆ ಕೊಡುವ ಮಾಸ್ಟರ್ ಸಿಲಿಂಡರ್ ಕಡೆ. ಬಿಡದಿದ್ದರೆ ಕ್ಯಾಲಿಪರ್ ಮೇಲಿನ ಬ್ಲೀಡ್ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ತಿರುಪು) ತೆರೆಯಿರಿ. ಈಗ ಆಯಿಲ್ ಚಿಮ್ಮಿ ವೀಲ್ ಬಿಟ್ಟರೆ ಹೋಸ್ ಒಳಗಿನಿಂದ ಊದಿ ಮುಚ್ಚಿಕೊಂಡಿದೆ. ಪೆಡಲ್ ಒತ್ತಡ ಒಳಗೆ ಹೋಗುತ್ತೆ, ವಾಪಸ್ ಬರಲ್ಲ. ಹೊರಗಿನಿಂದ ಹೋಸ್ ಹೊಸದರಂತೆ ಕಾಣುತ್ತೆ. ಎರಡಕ್ಕೂ ಬಿಡದಿದ್ದರೆ ಮಾತ್ರ ಪಿಸ್ಟನ್ ಅಥವಾ ಪಿನ್. ಬಿಚ್ಚಿದ ಮೇಲೆ ಬ್ಲೀಡ್ ಮಾಡಲೇಬೇಕು (ಒಳಗೆ ಸೇರಿದ ಗಾಳಿ ತೆಗೆಯಲೇಬೇಕು), ಅದೇ ನೆಪದಲ್ಲಿ ಹೊಸ ಬ್ರೇಕ್ ಆಯಿಲ್ ತುಂಬಿ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಲ್ಲ, ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಭಾರದ ಗಾಡಿಗೆ ಎರಡು ವರ್ಷಕ್ಕಿಂತ ಹೆಚ್ಚು ಎಳೆಯಬೇಡಿ.

ಅದುರು ಸ್ಟೀರಿಂಗ್‌ಗೆ ಬರದೆ ಸೀಟಿಗೆ ಬಂದರೆ ಹಿಂದಿನ ಬ್ರೇಕ್ ನೋಡಿ. ಡ್ರಮ್ ಆಗಿದ್ದರೆ ಬಿಸಿ ಡ್ರಮ್ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸುವ ಅಭ್ಯಾಸದಿಂದ ಮೊಟ್ಟೆಯಾಕಾರಕ್ಕೆ ತಿರುಗಿರಬಹುದು. ಡಿಸ್ಕ್ ಆಗಿದ್ದು ಹ್ಯಾಂಡ್‌ಬ್ರೇಕ್ ಕ್ಯಾಲಿಪರ್ ಒಳಗೇ ಇದ್ದರೆ ಪಿಸ್ಟನ್ನನ್ನು ಒತ್ತಬಾರದು, ತಿರುಗಿಸಿ ಒಳಗೆ ಹಾಕಬೇಕು. ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಆದರೆ ಸರ್ವಿಸ್ ಮೋಡ್‌ಗೆ ಹಾಕದೆ ಕೈ ಇಡಬೇಡಿ.

ಹೊಸ ಡಿಸ್ಕಿನ ಮೇಲಿನ ಎಣ್ಣೆ ತೊಳೆದ ಮೇಲೆ ಪ್ಯಾಡನ್ನು ಡಿಸ್ಕಿಗೆ ಒಗ್ಗಿಸೋದು ಹೀಗೆ: 60ರಿಂದ 15ಕ್ಕೆ ಇಳಿಸೋದು, ಪೂರ್ತಿ ನಿಲ್ಲಿಸಬಾರದು, ಅರ್ಧ ನಿಮಿಷ ಗಾಳಿಗೆ ಬಿಟ್ಟು ಮತ್ತೆ. ಎಂಟು ಹತ್ತು ಸಲ. ಆಮೇಲೆ ಬ್ರೇಕ್ ಮುಟ್ಟದೆ ಹತ್ತು ನಿಮಿಷ ಓಡಿಸಿ. ಉದ್ದದ ಇಳಿಜಾರು ಇಳಿದು ಬಂದು ಬಿಸಿ ಬ್ರೇಕನ್ನು ಒತ್ತಿ ಹಿಡಿದು ನಿಂತರೆ ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಬೀಳುತ್ತೆ. ಅದೂ ಅದುರೇ, ಅಳತೆಗೆ ಸಿಗದ ಅದುರು. ಆಟೋಮ್ಯಾಟಿಕ್ ಗೇರಿನವರು ನ್ಯೂಟ್ರಲ್‌ಗೆ ಹಾಕಿ ಕಾಲು ಸಡಿಲ ಮಾಡಲಿ.

ವೀಲ್ ನಟ್ ಬಿಗಿ ಈ ಗಾತ್ರದ ಗಾಡಿಗಳಲ್ಲಿ ಸಾಮಾನ್ಯವಾಗಿ 100ರಿಂದ 140 ನ್ಯೂಟನ್ ಮೀಟರ್, ನಿಮ್ಮದು ಕೈಪಿಡಿಯಲ್ಲಿ ಇರುತ್ತೆ. ನಕ್ಷತ್ರದ ಕ್ರಮ, ಮೂರು ಹಂತ, ಸ್ಟಡ್‌ಗೆ ಎಣ್ಣೆ ಗ್ರೀಸ್ ಬೇಡ, 80-100 ಕಿ.ಮೀ. ಆದ ಮೇಲೆ ಮತ್ತೊಮ್ಮೆ ನೋಡೋದು. ಟೈರ್ ಬದಲಿಸುವ ಕಡೆ ಏರ್ ಗನ್‌ನಿಂದ ಬಿಗಿ ಮಾಡಿದ್ದರೆ ಅದರ ಮೇಲೆ ಟಾರ್ಕ್ ರೆಂಚ್ ಇಟ್ಟು ಕ್ಲಿಕ್ ಕೇಳಿಸಿಕೊಂಡು ಸಮಾಧಾನ ಪಡಬೇಡಿ. 200ಕ್ಕೆ ಬಿಗಿದ ನಟ್ ಕೂಡ ಕ್ಲಿಕ್ ಅನ್ನುತ್ತೆ. ಒಂದೊಂದೇ ವೀಲ್ ಜಾಕ್ ಕೊಟ್ಟು ಎತ್ತಿ, ಎಲ್ಲ ನಟ್ ಬಿಚ್ಚಿ, ಮೊದಲಿನಿಂದ ಬಿಗಿ ಮಾಡಿ.