ಎರಡು ಬಾರಿ ಕೈಕೊಟ್ಟ ಗೋಡೆ ಓವನ್: ನನ್ನ ಅನುಭವ

ಅಡುಗೆಮನೆಯ ಗೋಡೆ ಕಪಾಟಿನಲ್ಲಿ ಕೂರಿಸಿದ ನಮ್ಮ ವಿದ್ಯುತ್ ಓವನ್ ಒಂಬತ್ತು ವರ್ಷ ಯಾವ ತಕರಾರೂ ಇಲ್ಲದೆ ನಡೆದು, ಆಮೇಲೆ ಒಂದೇ ವರ್ಷದಲ್ಲಿ ಎರಡು ಬಾರಿ ಕೆಟ್ಟಿತು. ಎರಡೂ ಬಾರಿ ನನ್ನ ಮೊದಲ ಊಹೆ ತಪ್ಪಾಗಿತ್ತು.

ಮೊದಲನೆಯದು ಶಾಖದ ಕೊರತೆ. ಫಲಕ 180 ಡಿಗ್ರಿ ತೋರಿಸುತ್ತಿದ್ದರೂ ಕೇಕ್‌ನ ನಡುಭಾಗ ಹಸಿಯಾಗಿಯೇ ಉಳಿಯುತ್ತಿತ್ತು. ಬಾಗಿಲ ಕಡೆಯ ಅಂಚು ಹಿಂಬದಿಯ ಅಂಚಿಗಿಂತ ಬಿಳಿಚಿಕೊಂಡಿರುತ್ತಿತ್ತು. ಒಳಗಿನ ಶಾಖ ಅಳೆಯುವ ಸೆನ್ಸರ್ ಕೆಟ್ಟಿದೆಯೆಂದೇ ನಂಬಿ ಹೊಸದನ್ನು ತರಿಸಲು ಹೊರಟಿದ್ದವನು, ಅದಕ್ಕೂ ಮೊದಲು ಒಮ್ಮೆ ಅಳೆದು ನೋಡೋಣವೆಂದು ಓವನ್ ಥರ್ಮಾಮೀಟರನ್ನು ನಡುವಿನ ಜಾಲರಿಯ ಮೇಲಿಟ್ಟೆ. ಬಿಸಿ ಮಾಡುವ ಎಲಿಮೆಂಟ್ ಹೊತ್ತಿ ಆರುವಾಗ ಶಾಖ ಹಲವು ಡಿಗ್ರಿ ಏರಿಳಿಯುವುದು ಸಹಜವಾದ್ದರಿಂದ ಒಂದೇ ಅಂಕಿಯನ್ನು ನಂಬಬಾರದು. ಬಾಗಿಲು ತೆರೆಯದೆ, ಗಾಜಿನ ಮೂಲಕವೇ ಐದೈದು ನಿಮಿಷಕ್ಕೊಮ್ಮೆ ನಲವತ್ತು ನಿಮಿಷ ಬರೆದುಕೊಂಡೆ. ಸರಾಸರಿ 158 ಡಿಗ್ರಿ ಬಂತು.

ಓವನ್ ಪೂರ್ತಿ ತಣ್ಣಗಾದ ಮೇಲೆ ಓವನ್‌ಗೆ ವಿದ್ಯುತ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ, ವಿದ್ಯುತ್ ಇಲ್ಲವೆಂಬುದನ್ನು ಟೆಸ್ಟರ್‌ನಿಂದ ಖಚಿತಪಡಿಸಿಕೊಂಡು ಸೆನ್ಸರ್‌ನ ತಂತಿಗಳನ್ನು ಬಿಡಿಸಿದೆ. ನಮ್ಮದರಲ್ಲಿದ್ದುದು ಸೊನ್ನೆ ಡಿಗ್ರಿಯಲ್ಲಿ 1,000 ಓಮ್ ರೋಧ ತೋರುವ ಪ್ಲಾಟಿನಂ ಸೆನ್ಸರ್. ಇಂಥದ್ದು 25 ಡಿಗ್ರಿಯಲ್ಲಿ ಸುಮಾರು 1,097 ಓಮ್ ತೋರಿಸಬೇಕು. ಮಲ್ಟಿಮೀಟರ್ ತೋರಿಸಿದ್ದು 1,096. ಅಂದರೆ ಅದರಲ್ಲಿ ದೋಷವಿರಲಿಲ್ಲ. ಕೆಳಗಿನ ಎಲಿಮೆಂಟನ್ನೂ ಅಳೆದೆ: 230 ವೋಲ್ಟ್‌ಗೆ 2,000 ವಾಟ್‌ನದ್ದಾದರೆ ಲೆಕ್ಕಕ್ಕೆ ಸುಮಾರು 26 ಓಮ್ ಬರಬೇಕು, ಬಂತು. ಕೊನೆಗೆ ಬಾಗಿಲಿನ ಚೌಕಟ್ಟಿನುದ್ದಕ್ಕೂ ಕಾಗದದ ತುಂಡೊಂದನ್ನು ಸಿಕ್ಕಿಸಿ ಎಳೆಯುತ್ತ ಬಂದಾಗ, ಮೇಲಿನ ಎಡ ಮೂಲೆಯಲ್ಲಿ ಅದು ಯಾವ ಹಿಡಿತವೂ ಇಲ್ಲದೆ ಜಾರಿ ಬಂತು. ಅಲ್ಲಿ ಬಾಗಿಲಿನ ಸಂದು ಮುಚ್ಚುವ ಪಟ್ಟಿ, ಅಂದರೆ ಗ್ಯಾಸ್ಕೆಟ್, ಗಟ್ಟಿಯಾಗಿ ಬಿರುಕುಬಿಟ್ಟಿತ್ತು. ಸೆನ್ಸರ್ ಇರುವುದು ಹಿಂಗೋಡೆಯ ಮೂಲೆಯಲ್ಲಿ. ಅದು ತನ್ನ ಸುತ್ತಲಿನ ಶಾಖವನ್ನು ಸರಿಯಾಗಿಯೇ ಹೇಳುತ್ತಿತ್ತು, ಮುಂಭಾಗದ ಶಾಖ ಮಾತ್ರ ಹೊರಗೆ ಸೋರಿಹೋಗುತ್ತಿತ್ತು. ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಸರಾಸರಿ 173ಕ್ಕೆ ಏರಿತು. ಉಳಿದ ಏಳು ಡಿಗ್ರಿಯನ್ನು ಫಲಕದ ತಿದ್ದುಪಡಿ ಸೌಲಭ್ಯದಿಂದ ಸರಿಪಡಿಸಿದೆ. ಸೋರಿಕೆಯನ್ನು ಹಾಗೆಯೇ ಬಿಟ್ಟು ಮೊದಲೇ 22 ಡಿಗ್ರಿ ತಿದ್ದಿದ್ದರೆ ಹಿಂಬದಿ ಕರಕಲಾಗುತ್ತಿತ್ತು.

ಎರಡನೆಯ ತೊಂದರೆ ನನ್ನನ್ನು ಹೆಚ್ಚು ದಿನ ಕಾಡಿತು. ಹಚ್ಚಿದ ಅರ್ಧ ಗಂಟೆಗೆ ಎಲಿಮೆಂಟುಗಳು ತಾವಾಗಿಯೇ ಆರುತ್ತಿದ್ದವು. ಒಳಗಿನ ದೀಪ, ಗಡಿಯಾರ ಎಂದಿನಂತೆ ಇರುತ್ತಿದ್ದವು. ಒಂದು ಗಂಟೆ ಬಿಟ್ಟರೆ ಮತ್ತೆ ಎಲ್ಲವೂ ಸರಿ. ದೀಪ ಉರಿಯುತ್ತಿರುವುದರಿಂದ ಓವನ್‌ಗೆ ವಿದ್ಯುತ್ ಬರುತ್ತಿದೆ ಎಂಬುದು ಸ್ಪಷ್ಟ. ಅತಿ ಬಿಸಿಯಾದಾಗ ಎಲಿಮೆಂಟಿನ ಸಂಪರ್ಕ ಕಡಿಯುವ ಥರ್ಮಲ್ ಕಟ್‌ಔಟ್ ದುರ್ಬಲವಾಗಿದೆಯೆಂದುಕೊಂಡು ಅದನ್ನು ಬದಲಿಸಿದೆ. ಹೊಸದೂ ಹಾಗೆಯೇ ಕಡಿಯಿತು. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ, ಬಿಸಿಯಾಗಲು ಬೇರೆ ಕಾರಣವಿದೆ ಎಂಬುದು ಆಗ ಹೊಳೆಯಿತು. ಬಾಗಿಲು ಬಿಚ್ಚಿ ಪಕ್ಕಕ್ಕಿಟ್ಟು, ಇಬ್ಬರು ಸೇರಿ ಓವನ್ನನ್ನು ಕಪಾಟಿನಿಂದ ಹೊರಗೆಳೆದು (ಒಬ್ಬರಿಂದ ಇದು ಖಂಡಿತ ಸಾಧ್ಯವಿಲ್ಲ, ಯತ್ನಿಸಲೂಬಾರದು) ಮೇಲಿನ ತಗಡು ತೆಗೆದಾಗ, ತಂಪು ಮಾಡುವ ಫ್ಯಾನಿನ ರೆಕ್ಕೆಗಳಿಗೆ ಎಣ್ಣೆ ಜಿಡ್ಡು ಬೆರೆತ ಧೂಳು ದಪ್ಪಗೆ ಮೆತ್ತಿತ್ತು. ಬೆರಳಿನಿಂದ ತಿರುಗಿಸಿದರೆ ಅದು ಅರ್ಧ ಸುತ್ತಿಗೇ ನಿಂತಿತು. ಸ್ವಚ್ಛಗೊಳಿಸಿದರೂ ಬೇರಿಂಗ್ ಹಗುರವಾಗದ್ದರಿಂದ ಫ್ಯಾನನ್ನೇ ಬದಲಿಸಿದೆ. ಕಪಾಟಿನ ಹಿಂಬದಿಯಲ್ಲಿ ಗಾಳಿಯ ದಾರಿಗೆ ಅಡ್ಡವಾಗಿದ್ದ ರಟ್ಟಿನ ತುಂಡನ್ನೂ ತೆಗೆದೆ.

ಇಂಥ ಸಂದರ್ಭದಲ್ಲಿ ಕಟ್‌ಔಟ್‌ನ ಎರಡು ತಂತಿಗಳನ್ನು ನೇರವಾಗಿ ಜೋಡಿಸಿಬಿಡುವ ಸಲಹೆ ನನಗೂ ಬಂದಿತ್ತು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಮರದ ಕಪಾಟಿನೊಳಗಿರುವ ಓವನ್ನಿಗೂ ಬೆಂಕಿ ಅನಾಹುತಕ್ಕೂ ನಡುವೆ ಇರುವ ಕಾವಲು ಅದು. ಓವನ್ ಹಚ್ಚಿದ ಕೂಡಲೇ ಆರ್‌ಸಿಸಿಬಿ (ವಿದ್ಯುತ್ ಸೋರಿದಾಗ ಸಂಪರ್ಕ ಕಡಿಯುವ ಸುರಕ್ಷತಾ ಸ್ವಿಚ್) ಬೀಳುವಂತಿದ್ದರೆ ಯಾವುದೋ ಭಾಗದಿಂದ, ಹೆಚ್ಚಾಗಿ ಎಲಿಮೆಂಟಿನಿಂದ, ಕವಚಕ್ಕೆ ವಿದ್ಯುತ್ ಸೋರುತ್ತಿದೆ ಎಂದರ್ಥ. ಅದನ್ನು ಪರಿಣತ ಎಲೆಕ್ಟ್ರಿಷಿಯನ್‌ಗೇ ಬಿಡಬೇಕು.

ಈಗ ಅಡುಗೆ ಮುಗಿದು ಓವನ್ ಆರಿಸಿದ ಮೇಲೆ ಫ್ಯಾನ್ ಇಪ್ಪತ್ತು ನಿಮಿಷ ಸಮನಾದ ಸದ್ದಿನಲ್ಲಿ ತಿರುಗಿ ನಿಲ್ಲುತ್ತದೆ. ಆ ಸದ್ದು ಕರಕರ ಎನ್ನತೊಡಗಿದ ದಿನವೇ ತಗಡು ತೆಗೆದು ನೋಡುತ್ತೇನೆ.