ಎನ್‌ಎಂಎಂಎಸ್ ಮಾದರಿ ಪರೀಕ್ಷೆ: ತಪ್ಪಾದವನ್ನು ಮನೆಯಲ್ಲಿ ಮತ್ತೆ ಮಾಡಿಸಿ

ದಾವಣಗೆರೆಯ ಎಂಟನೇ ಕ್ಲಾಸಿನ ಮಕ್ಕಳ ಅಪ್ಪ-ಅಮ್ಮಂದಿರೇ, ಎನ್‌ಎಂಎಂಎಸ್ (ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪರೀಕ್ಷೆ) ಮಾದರಿ ಪರೀಕ್ಷೆಯ ಅಂಕ ಬಂದಾಗ ಒಟ್ಟು ಎಷ್ಟು ಅಂತ ನೋಡಿ ಬೈಯಬೇಡಿ. ತಪ್ಪಾದ ಪ್ರಶ್ನೆಗಳನ್ನಷ್ಟೇ ಗಡಿಯಾರ ಇಡದೆ ಮತ್ತೆ ಮಾಡಿಸಿ. ಬೆಣ್ಣೆ ದೋಸೆ ಆಸೆ ತೋರಿಸಿಯಾದರೂ ಕೂರಿಸಿ, ಪ್ರಶ್ನೆಯನ್ನು ಜೋರಾಗಿ ಓದಿಸಿ. ಒಂದು ಪೇಪರಿಗೆ 90 ನಿಮಿಷ, 90 ಪ್ರಶ್ನೆ. ಆ ಅವಸರದಲ್ಲಿ ‘ಯಾವುದು ಸರಿಯಲ್ಲ’ ಅನ್ನುವುದನ್ನು ‘ಯಾವುದು ಸರಿ’ ಅಂತ ಓದಿಕೊಂಡಿರುತ್ತಾರೆ. ಈಗ ಸರಿ ಬಂತಾ? ಪಾಠ ಗೊತ್ತಿದೆ, ವೇಗದ ಅಭ್ಯಾಸ ಸಾಕು. ಈಗಲೂ ಬರಲಿಲ್ಲವಾ? ಆ ಪ್ರಶ್ನೆಗಳ ನಂಬರ್ ಬರೆದುಕೊಂಡು ಮೇಷ್ಟ್ರ ಹತ್ತಿರ ಹೋಗಿ. ‘ನಮ್ಮ ಹುಡುಗ ಗಣಿತದಲ್ಲಿ ವೀಕ್ ಸಾರ್’ ಅಂದರೆ ಅವರಾದರೂ ಏನು ಮಾಡಿಯಾರು? ‘ಲಾಭ-ನಷ್ಟದ ನಾಲ್ಕು ಲೆಕ್ಕವೂ ತಪ್ಪಿವೆ’ ಅನ್ನಿ, ಎಲ್ಲಿಂದ ಶುರು ಮಾಡಬೇಕು ಅಂತ ಅವರಿಗೆ ತಿಳಿಯುತ್ತದೆ. ಮಗು ಕೀ ಉತ್ತರ ಮೊದಲೇ ನೋಡಿದ್ದರೆ ಇದು ನಡೆಯಲ್ಲ, ಹಾಗಾಗಿ ಅದನ್ನು ನೀವೇ ಎತ್ತಿಟ್ಟುಕೊಳ್ಳಿ. ಇನ್ನೊಂದು, ತಪ್ಪಿಗೆ ಅಂಕ ಕಳೆಯಲ್ಲ ಅಲ್ವಾ? ಸುಮ್ನೆ ಯಾವುದೋ ವೃತ್ತ ತುಂಬಿ ಸರಿಯಾದವೂ ಇರುತ್ತವೆ. ಅವು ಈ ಜಾಲರಿಗೆ ಸಿಗಲ್ಲ, ಮಗುವನ್ನೇ ಕೇಳಬೇಕು.