ಲಿಬರೇಟರ್ ಮೈಮೇಲಿನ ಹಳೆಯ ಅಕ್ಷರಗಳು: ನನ್ನ ಅನುಭವ

ಕಂಪ್ಯೂಟರಿನ ಹಾರಾಟ ಸಿಮ್ಯುಲೇಟರಿನ ವಿಮಾನಕ್ಕೆ ಕೊನೆಯ ಬಣ್ಣವನ್ನು ಮೊದಲು ಹಚ್ಚಿ ಆಮೇಲೆ ಅದರ ಮೇಲೆ ಗೀರು, ಕೊಳೆ ಎಳೆಯುವುದು ಇಂಥ ಮಾದರಿ ಮಾಡುವ ನಮ್ಮೆಲ್ಲರ ರೂಢಿ. ಎರಡನೆಯ ಮಹಾಯುದ್ಧದ ಬಾಂಬರ್ ಬಿ-24 ಲಿಬರೇಟರ್ ಮಾಡುವಾಗ ನಾನು ಇದನ್ನು ತಿರುಗಿಸಿದೆ. ಮೊದಲು ಬರಿಯ ಲೋಹ, ಅದರ ಮೇಲೆ ಬ್ರಿಟಿಷ್ ವಾಯುಪಡೆಯ ಗುರುತು, ಅದನ್ನು ತೆಗೆದ ಮೇಲೆ ಉಳಿಯುವ ಕಲೆ, ಕೊನೆಗೆ ಭಾರತೀಯ ವಾಯುಪಡೆಯ ಬಣ್ಣ. ವಿಮಾನ ಬದುಕಿದ ಕ್ರಮದಲ್ಲೇ ಪದರಗಳು ಬಂದವು. ಯಾರ ಕಣ್ಣಿಗೂ ಬೀಳದ ಕೆಲಸಕ್ಕೆ ಮೆಮೊರಿ ದಂಡ ಮಾಡುತ್ತಿದ್ದೀಯೆ ಎಂದು ಗೆಳೆಯರು ಹೇಳಿದರು. ಈಗ ಅವರೇ ನನ್ನ ಲೇಯರ್ ಫೈಲ್ ಕೇಳುತ್ತಿದ್ದಾರೆ.

ಅಮೆರಿಕದ ಕಾರ್ಖಾನೆಗಳು ಹದಿನೆಂಟು ಸಾವಿರಕ್ಕೂ ಹೆಚ್ಚು ಲಿಬರೇಟರ್‌ಗಳನ್ನು ಕಟ್ಟಿದವು. ಸಿಮ್ಯುಲೇಟರ್‌ಗಳಲ್ಲಿ ಸಿಗುವುದು ಬಹುತೇಕ ಇಂಗ್ಲೆಂಡಿನಲ್ಲಿದ್ದ ಅಮೆರಿಕದ ಎಂಟನೆಯ ವಾಯುಪಡೆಯ ವಿಮಾನಗಳೇ. ನನಗೆ ಬೇಕಾಗಿದ್ದದ್ದು ಬೆಂಗಳೂರಿನ ಲಿಬರೇಟರ್. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದ ಚಕೇರಿಯಲ್ಲಿ ಇವುಗಳನ್ನು ಯಾರೂ ಹಾರಿಸಬಾರದೆಂದು ಬೇಕೆಂದೇ ಕೆಡಿಸಿ ಬಿಟ್ಟುಹೋದರು. ಎಚ್‌ಎಎಲ್‌ನವರು ಅವುಗಳನ್ನು ಅಲ್ಲಿಯೇ ಹಾರುವ ಮಟ್ಟಿಗೆ ಸರಿಮಾಡಿದರು. ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಶಿ ಒಂದೊಂದನ್ನೇ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ದುರಸ್ತಿಯಾಗಿ 1948ರ ಕೊನೆಗೆ 5ನೇ ಸ್ಕ್ವಾಡ್ರನ್ ಹುಟ್ಟಿತು. ಹೀಗೆ ನಲವತ್ತಕ್ಕಿಂತ ಹೆಚ್ಚು ವಿಮಾನಗಳು ಬದುಕಿದವು, 1968ರವರೆಗೂ ದುಡಿದವು. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ವಸ್ತುಸಂಗ್ರಹಾಲಯಕ್ಕೆ ಲಿಬರೇಟರ್ ಬೇಕಾದಾಗ ಅದು 1974ರಲ್ಲಿ ಹೋದದ್ದು ಭಾರತದಿಂದಲೇ. ಇಂಥ ವಿಮಾನಕ್ಕೆ ಹೊಸ ಪಾತ್ರೆಯ ಹೊಳಪು ಕೊಡಲು ನನಗೆ ಮನಸ್ಸು ಬರಲಿಲ್ಲ.

ಹಣದ ಮಾತು ಮೊದಲು ಮುಗಿಸುತ್ತೇನೆ. ಹೊರದೇಶದ ಮಾರಾಟಗಾರರೊಬ್ಬರಿಂದ ಆರೇಳು ಸಾವಿರ ರೂಪಾಯಿ ಕೊಟ್ಟು ತರಿಸಿದ ನಕ್ಷೆಗಳಲ್ಲಿ ಎಂಜಿನ್ ಕವಚಗಳು ಗುಂಡಗಿದ್ದವು! ಲಿಬರೇಟರಿನ ಕವಚ ಅಡ್ಡಕ್ಕೆ ಅಗಲವಾದ ಅಂಡಾಕಾರ ಎಂಬುದು ಒಂದು ಫೋಟೋ ನೋಡಿದವರಿಗೂ ಗೊತ್ತು. ಎರಡೂ ಪಕ್ಕದಲ್ಲಿ ಗಾಳಿ ಒಳಗೆ ಹೋಗುವ ಬಾಯಿಗಳಿವೆ. ಆ ದುಡ್ಡು ನೀರಿಗೆ ಹೋಯಿತು. ಗ್ರಾಫಿಕ್ಸ್ ಕಾರ್ಡಿಗೆ ಐವತ್ತು ಸಾವಿರದ ಹತ್ತಿರ, ಟೆಕ್ಸ್ಚರ್ (ಮಾದರಿಗೆ ಹೊದಿಸುವ ಚಿತ್ರದ ಹಾಳೆ) ತಂತ್ರಾಂಶಕ್ಕೆ ಮತ್ತು ದೆಹಲಿ ಪ್ರಯಾಣಕ್ಕೆ ಎಲ್ಲ ಸೇರಿ ಇನ್ನೊಂದು ಇಪ್ಪತ್ತೈದು. ಮಾದರಿ ಕಟ್ಟಿದ್ದು ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ, ಅದಕ್ಕೆ ಖರ್ಚಿಲ್ಲ. ದೆಹಲಿಗೆ ಹೋದದ್ದು ಪಾಲಂ ವಸ್ತುಸಂಗ್ರಹಾಲಯದ ಎಚ್‌ಇ 924 ಸಂಖ್ಯೆಯ ಲಿಬರೇಟರ್ ನೋಡಲು. ಮೈಮೇಲೆ ಈಗಿರುವುದು ಸಂಗ್ರಹಾಲಯದವರು ಹಚ್ಚಿದ ಬಣ್ಣ, ಆದ್ದರಿಂದ ಬಣ್ಣಕ್ಕೆ ಅದು ಆಧಾರವಲ್ಲ. ಆದರೆ ಪಕ್ಕದ ತಗಡು ಎಲ್ಲಿ ಸುಕ್ಕುಗಟ್ಟಿದೆ, ರಿವೆಟ್ ಸಾಲುಗಳು ಎಲ್ಲಿ ಜೋಡಿಯಾಗಿ ಓಡುತ್ತವೆ ಎಂಬುದನ್ನು ಕಣ್ಣಾರೆ ಕಂಡು ಬರೆದುಕೊಂಡದ್ದಕ್ಕೆ ಬೆಲೆ ಕಟ್ಟಲಾಗದು. ಚಪ್ಪಟೆ ಪಕ್ಕದ ಆ ಸುಕ್ಕುಗಳನ್ನು ನಾರ್ಮಲ್ ಮ್ಯಾಪಿನಲ್ಲಿ, ಅಂದರೆ ಉಬ್ಬುತಗ್ಗು ತೋರಿಸುವ ಹಾಳೆಯಲ್ಲಿ, ತರದಿದ್ದರೆ ಅದು ಲಿಬರೇಟರ್ ಆಗುವುದೇ ಇಲ್ಲ.

ಈ ವಿಮಾನದ ರೆಕ್ಕೆ ತುದಿಯಿಂದ ತುದಿಗೆ ಮೂವತ್ಮೂರೂವರೆ ಮೀಟರ್. ಅರ್ಧ ರೆಕ್ಕೆಗೆ ಒಂದು 4ಕೆ (ಪಕ್ಕಕ್ಕೆ 4096 ಪಿಕ್ಸೆಲ್ಲಿನ) ಹಾಳೆ ಕೊಟ್ಟರೂ ಒಂದು ಪಿಕ್ಸೆಲ್ಲಿಗೆ ಸುಮಾರು ನಾಲ್ಕು ಮಿಲಿಮೀಟರ್ ಬರುತ್ತದೆ. ರಿವೆಟ್ ತಲೆಗೆ ಒಂದೋ ಎರಡೋ ಪಿಕ್ಸೆಲ್ ಸಿಕ್ಕರೆ ಹಾರುವಾಗ ಅದು ಮಿನುಗುತ್ತದೆ, ಕಣ್ಣು ನೋಯುತ್ತದೆ. ರಿವೆಟ್‌ಗಳನ್ನೆಲ್ಲ ಹಾಳೆಯಿಂದ ತೆಗೆದು ಮೇಲೆ ಅಂಟಿಸುವ ಬೇರೆ ಡೆಕಾಲ್ ಜಾಲಕ್ಕೆ ಹಾಕಿದೆ. ದೊಡ್ಡ ಬಾಂಬರ್ ಮಾಡುವವರು 8ಕೆಗೆ ಓಡುವ ಬದಲು ಇದನ್ನು ಮಾಡುವುದು ಒಳ್ಳೆಯದು.

ಇನ್ನು ಮುಖ್ಯ ವಿಷಯ. ಬಣ್ಣ ಹಚ್ಚಿದ್ದ ಕಡೆ ಅಲ್ಯೂಮಿನಿಯಂ ಬಿಸಿಲು ಮಳೆ ಕಾಣುವುದಿಲ್ಲ. ಬಣ್ಣ ತೆಗೆದ ಮೇಲೆ ಅಲ್ಲಿನ ಹೊಳಪು ಸುತ್ತಲಿನದಕ್ಕಿಂತ ಬೇರೆಯಾಗಿರುತ್ತದೆ. ಹೀಗೆ ಹಳೆಯ ಕ್ರಮಸಂಖ್ಯೆ, ಸ್ಕ್ವಾಡ್ರನ್ ಅಕ್ಷರ ಲೋಹದ ಮೇಲೆ ನೆರಳಿನಂತೆ ಉಳಿಯುತ್ತವೆ. ಇದನ್ನು ಬಣ್ಣದ ಹಾಳೆಯಲ್ಲಿ ಬೂದುಬಣ್ಣದಿಂದ ಬರೆದರೆ ಕೆಟ್ಟದಾಗಿ ಕಾಣುತ್ತದೆ, ಯಾವ ಬೆಳಕಿನಲ್ಲೂ ಒಂದೇ ಥರ. ನಾನು ಬರೆದದ್ದು ಲೋಹದ ಗುಣಗಳನ್ನು ಹೇಳುವ ಕಾಂಪೊಸಿಟ್ ಹಾಳೆಯ ಹಸಿರು ಚಾನೆಲ್ಲಿನಲ್ಲಿ, ಅಂದರೆ ಮೈ ಎಷ್ಟು ಒರಟು ಎಂದು ತಿಳಿಸುವ ರಫ್‌ನೆಸ್‌ನಲ್ಲಿ ಮಾತ್ರ. ಸೂರ್ಯ ತಲೆಯ ಮೇಲಿದ್ದಾಗ ಏನೂ ಕಾಣಬಾರದು, ಓರೆ ಬಿಸಿಲು ಬಿದ್ದಾಗ ಏಳಬೇಕು.

ತಿಂಗಳುಗಟ್ಟಲೆ ಅದು ಏಳಲೇ ಇಲ್ಲ. ತಂತ್ರಾಂಶದೊಳಗೆ ಚೆಂದವಾಗಿ ಕಾಣುತ್ತಿದ್ದ ಅಕ್ಷರಗಳು ಸಿಮ್ಯುಲೇಟರಿಗೆ ಹೋದೊಡನೆ ಮಾಯ. ಇದಕ್ಕೇ ನಾವು ಬೇಡ ಎಂದದ್ದು ಎಂದರು ಗೆಳೆಯರು. ಕಳ್ಳ ಸಿಕ್ಕಿಬಿದ್ದದ್ದು ಸಂಕೋಚನದಲ್ಲಿ. ಜಾಗ ಉಳಿಸಲು ನಾವೆಲ್ಲ ಬಳಸುವ ಹಳೆಯ ಡಿಎಕ್ಸ್‌ಟಿ1 ಮಾದರಿಯಲ್ಲಿ ಹಸಿರು ಚಾನೆಲ್ಲಿಗೆ ಆರು ಬಿಟ್ ಮಾತ್ರ. 256 ಮೆಟ್ಟಿಲು ಅರವತ್ನಾಲ್ಕಕ್ಕೆ ಇಳಿಯುತ್ತದೆ. ನನ್ನ ಅಕ್ಷರಕ್ಕೂ ಸುತ್ತಲಿನ ಲೋಹಕ್ಕೂ ಇದ್ದ ವ್ಯತ್ಯಾಸ 256ರಲ್ಲಿ ಮೂರು ನಾಲ್ಕು ಮೆಟ್ಟಿಲಷ್ಟೇ. ಅದನ್ನು ಹನ್ನೆರಡಕ್ಕೆ ಏರಿಸಿದರೆ ನಡುಹಗಲಲ್ಲೂ ಕಾಣುತ್ತಿತ್ತು, ಎಂಟಕ್ಕೆ ಇಳಿಸಿದರೆ ಅಂಚಿನಲ್ಲಿ ಚೌಕ ಚೌಕ ಕಲೆ. ಕೊನೆಗೆ ಆ ಹಾಳೆಗಳನ್ನು ಮಾತ್ರ ಬಿಸಿ7 ಎಂಬ ಇನ್ನೊಂದು ಸಂಕೋಚನಕ್ಕೆ ಬದಲಿಸಿದೆ, ಗಾತ್ರ ಎರಡರಷ್ಟಾಯಿತು. ಉಳಿದ ಹಾಳೆಗಳನ್ನು ಚಿಕ್ಕದು ಮಾಡಿ ಅದನ್ನು ಸರಿದೂಗಿಸಿದೆ. ಅಕ್ಷರದ ಅಂಚನ್ನು ಅಡ್ಡಾದಿಡ್ಡಿ ಚುಕ್ಕೆಗಳ ಒಂದು ವಿಶೇಷ ನಾಯ್ಸ್‌ನಿಂದ ಒಡೆಯುತ್ತೇನೆ. ಅದರ ಅಳತೆಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಅದನ್ನು ಹುಡುಕಲು ನನಗೆ ಬಹಳ ರಾತ್ರಿಗಳು ಬೇಕಾದವು.

ಪದರಗಳು ಕೈಯಲ್ಲಿದ್ದುದರಿಂದ ಬೇರೆ ಬಣ್ಣಗಳು ಸುಲಭವಾದವು. ಮೇಲಿನದನ್ನು ಮುಚ್ಚಿದರೆ ಬಂಗಾಳದ ದಿಗ್ರಿ, ಸಾಲ್ಬನಿಗಳಿಂದ ಬರ್ಮಾ ಕಡೆಗೆ ಹಾರಿದ ಬ್ರಿಟಿಷ್ ಲಿಬರೇಟರ್ ಸಿಗುತ್ತದೆ. ಅದರ ಗುರುತಿನ ವೃತ್ತದಲ್ಲಿ ಕೆಂಪು ಇರಬಾರದು, ಜಪಾನಿನ ಗುರುತೆಂದು ತಮ್ಮವರೇ ಗುಂಡು ಹಾರಿಸುವ ಭಯವಿತ್ತು. ಹೊರಗೆ ಕಡುನೀಲಿ, ನಡುವೆ ತಿಳಿನೀಲಿ. ಸಿಮ್ಯುಲೇಟರಿನ ಮಧ್ಯಾಹ್ನದ ಬೆಳಕಿನಲ್ಲಿ ತಿಳಿನೀಲಿ ಬೆಳ್ಳಗೆ ಕಾಣುತ್ತದೆ, ಒಂದು ಗುಟುಕು ಬೂದು ಸೇರಿಸಲೇಬೇಕು. ನಡುವೆ ಒಂದು ವಾರ ಅಮೆರಿಕದ 458ನೇ ಬಾಂಬರ್ ಗುಂಪಿನ ‘ಫಸ್ಟ್ ಸಾರ್ಜೆಂಟ್’ ಹಿಂದೆ ಬಿದ್ದೆ. ಮೋಡದ ಮೇಲೆ ಉಳಿದ ವಿಮಾನಗಳನ್ನು ಸಾಲುಗೂಡಿಸಲು ಚುಕ್ಕೆ ಚುಕ್ಕೆ ಬಳಿದಿದ್ದ ವಿಮಾನ ಅದು. ಯುವಿ ಜೋಡಣೆ, ಅಂದರೆ ಹಾಳೆಯನ್ನು ಮಾದರಿಯ ಮೈಗೆ ಹೊಂದಿಸಿದ್ದು, ಎಲ್ಲಿ ಹಿಗ್ಗಿದೆ ಎಂದು ಪತ್ತೆ ಮಾಡಲು ಅದಕ್ಕಿಂತ ಒಳ್ಳೆಯ ಬಣ್ಣವಿಲ್ಲ, ಹಿಗ್ಗಿದ ಕಡೆ ಚುಕ್ಕೆ ಮೊಟ್ಟೆಯಾಗುತ್ತದೆ. ಅಂಗಡಿಯ ರೋಲಿಂಗ್ ಶಟರಿನಂತೆ ಮೇಲಕ್ಕೆ ಸರಿಯುವ ಬಾಂಬ್ ಕೋಣೆಯ ಬಾಗಿಲಿಗೆ ಮೂಳೆಗಳ (ಮಾದರಿಯನ್ನು ಬಾಗಿಸುವ ಅದೃಶ್ಯ ಕೀಲುಗಳ) ಸರಪಳಿ ಹಾಕಿ ನೋಡಿದೆ, ಫ್ರೇಮ್ ದರ ಬಿದ್ದುಹೋಯಿತು. ಈಗ ಬಾಗಿಲು ಏಳೆಂಟು ತುಂಡುಗಳಲ್ಲಿ ಸರಿಯುತ್ತದೆ, ಹೊರಗಿನಿಂದ ನೋಡುವವರಿಗೆ ಅಷ್ಟು ಸಾಕು.

ಪರೀಕ್ಷೆಗೆ ಮುನ್ಶಿಯವರು ಹಾರಿದ ಎರಡು ಊರುಗಳನ್ನೇ ಹಿಡಿದೆ. ಚಕೇರಿಯಿಂದ ಬೆಂಗಳೂರಿಗೆ ನೇರ ಸಾವಿರದ ಐನೂರು ಕಿಲೋಮೀಟರಿನ ಸುಮಾರು, ಗಂಟೆಗೆ ಮುನ್ನೂರ ನಲವತ್ತರಲ್ಲಿ ನಾಲ್ಕೂವರೆ ಗಂಟೆ. ಲಿಬರೇಟರಿನ ಡೇವಿಸ್ ರೆಕ್ಕೆ ಕಿರಿದು ಮತ್ತು ಉದ್ದ. ಓಡುವ ವೇಗ ಸಿಕ್ಕಿದ ಮೇಲೆ ಅದು ಬಲು ಮಿತವ್ಯಯಿ, ಆದರೆ ನಿಯಂತ್ರಣ ಭಾರ. ಆ ಭಾರವನ್ನು ತರಲು ಜಡತ್ವದ ಅಂಕಿಗಳನ್ನು ಉಬ್ಬಿಸುವವರಿದ್ದಾರೆ, ನಾನು ಒಪ್ಪುವುದಿಲ್ಲ. ವಿಮಾನವನ್ನು ವಾಲಿಸುವ ಐಲೆರಾನಿನ ಪರಿಣಾಮವನ್ನು ವೇಗಕ್ಕೆ ತಕ್ಕಂತೆ ಇಳಿಸುವುದೇ ಸರಿ. ಸಂಜೆ ಐದೂವರೆಗೆ ಎಚ್‌ಎಎಲ್ ಓಡುದಾರಿಗೆ ತಿರುಗುವಾಗ ಹೊರಗಿನ ಕ್ಯಾಮೆರಾಕ್ಕೆ ಹೋದೆ. ಭಾರತದ ಎಚ್‌ಇ ಸಂಖ್ಯೆಯ ಕೆಳಗೆ ಬ್ರಿಟಿಷರ ಕಾಲದ ಕೆಎಚ್ ಸಂಖ್ಯೆ ಎದ್ದಿತ್ತು, ಎಡಕ್ಕೆ ವಾಲಿಸಿದೊಡನೆ ಅಡಗಿತು. ಆ ವಿಡಿಯೋ ಕಳಿಸಿದ ಮೇಲೆ ಯಾರೂ ವಾದಕ್ಕೆ ಬರಲಿಲ್ಲ.

ಈಗ ಕೈಯಲ್ಲಿರುವುದು ಸಮುದ್ರ ಕಾವಲಿಗೆ ಹೋದ 6ನೇ ಸ್ಕ್ವಾಡ್ರನ್ನಿನ ವಿಮಾನ. ಉಪ್ಪುಗಾಳಿಗೆ ಲೋಹ ಬೇರೆ ರೀತಿ ಮಂಕಾಗುತ್ತದೆ, ಅದಕ್ಕೆ ರಫ್‌ನೆಸ್ ಹಾಳೆಯನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ಆ ಸ್ಕ್ವಾಡ್ರನ್ನಿನ ವಿಮಾನಗಳ ಹೊಟ್ಟೆಯ ಭಾಗ ಸ್ಪಷ್ಟವಾಗಿ ಕಾಣುವ ಫೋಟೋ ಯಾರ ಮನೆಯ ಆಲ್ಬಮ್ಮಿನಲ್ಲಾದರೂ ಇದ್ದರೆ ತಿಳಿಸಿ, ಪ್ರತಿಯಾಗಿ ಪೂರ್ತಿ ಲೇಯರ್ ಫೈಲ್ ಕೊಡುತ್ತೇನೆ, ನಾಯ್ಸ್ ಅಳತೆಯೊಂದನ್ನು ಬಿಟ್ಟು.